ಗುಟ್ಟು ಕೇಳಬೇಡ, ಈರುಳ್ಳಿ ಹೆಚ್ಚು

ಚಿ. ಪ್ರಣವನಿಗೆ ಮಾವನ ಆಶೀರ್ವಾದ.

ಇದು ನಿನಗೊಬ್ಬನಿಗೇ ಬರೆದು ಮುಗಿಸಬಹುದಾಗಿದ್ದ ಪತ್ರ. ಆದರೆ ಲೆಸ್ಟರಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ನಿನ್ನ ಹಾಗೆಯೇ ಓದಲು ಬಂದು, ರಾತ್ರಿ ಹತ್ತಕ್ಕೆ ಟೇಕ್‌ಅವೇ ತರಿಸಿಕೊಂಡು, ತಿಂಗಳ ಕೊನೆಗೆ ದುಡ್ಡಿಗೆಂದು ಮನೆಗೆ ಫೋನು ಮಾಡುವ ಮಕ್ಕಳು ಬಹಳ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ. ಹೆಸರು ಹಾಕಿದ್ದಕ್ಕೆ ಸಿಟ್ಟಾಗಬೇಡ.

"ಮಾವ, ನೀವು ಕರಿ ಹೌಸಿನಲ್ಲಿ ಕೆಲಸ ಮಾಡಿದವರು, ಅಲ್ಲಿಯ ಕರಿಗೆ ಏನು ಹಾಕ್ತಾರೆ, ಗುಟ್ಟು ಹೇಳಿ" ಅಂತ ಮೆಸೇಜು ಹಾಕಿದ್ದೀಯ. ಎಂಥ ಗುಟ್ಟು ಮಾರಾಯ? ಆ ಗುಟ್ಟು 1989ರಲ್ಲೇ ಅಚ್ಚಾಗಿದೆ. ಕ್ರಿಸ್ ಧಿಲ್ಲೋನ್ ಅವರ ‘ದಿ ಕರಿ ಸೀಕ್ರೆಟ್’ ಪುಸ್ತಕ ತೆಗೆದು ನೋಡು. ಈ ದೇಶದ ಇಂಡಿಯನ್ ರೆಸ್ಟೋರೆಂಟುಗಳ ಒಲೆಯ ಮೇಲೆ ಸದಾ ಕೂತಿರುವ ಈರುಳ್ಳಿ ಗ್ರೇವಿಯ ವಿಷಯ ಅದರಲ್ಲಿದೆ. ಆಮೇಲೆ ಬಂದ ವಿಡಿಯೊಗಳಿಗಂತೂ ಲೆಕ್ಕವಿಲ್ಲ. ಗೊತ್ತಿಲ್ಲದ್ದು ಯಾವುದೂ ಉಳಿದಿಲ್ಲ, ಮಾಡಲು ಮೈ ಬಗ್ಗುವುದಿಲ್ಲ, ಅಷ್ಟೇ.

ನಾನು ಕೊವೆಂಟ್ರಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ಹಗಲು ಕಾಲೇಜು, ವಾರದ ಕೊನೆಗೆ ಒಂದು ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುವುದು. ಬೋರ್ಡಿನ ಮೇಲೆ ‘ಇಂಡಿಯನ್’ ಅಂತಿತ್ತು, ಅಡುಗೆಮನೆಯೊಳಗೆ ನಾನೊಬ್ಬನನ್ನು ಬಿಟ್ಟರೆ ಎಲ್ಲರೂ ಬಾಂಗ್ಲಾದೇಶದ ಸಿಲ್ಹೆಟಿನವರು. ಬ್ರಿಟನ್ನಿನ ಬಹುಪಾಲು ಕಡೆ ಹಾಗೆಯೇ ಇತ್ತು. ಬ್ರಿಟಿಷರ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸುರಿಯುತ್ತಿದ್ದ ಸಿಲ್ಹೆಟಿ ಖಲಾಸಿಗಳಲ್ಲಿ ಕೆಲವರು ಬಂದರಿನಲ್ಲಿ ಇಳಿದವರು ಇಲ್ಲೇ ಉಳಿದರು, ಹೋಟೆಲು ಹಾಕಿದರು, ಊರಿನಿಂದ ತಮ್ಮನನ್ನು, ಅಳಿಯನನ್ನು ಕರೆಸಿಕೊಂಡರು. ನಮ್ಮ ಕುಂದಾಪುರ, ಉಡುಪಿ ಕಡೆಯವರು ಬೊಂಬಾಯಿಯಲ್ಲಿ ಬೇರು ಬಿಟ್ಟದ್ದೂ ಹೀಗೆಯೇ ಅಲ್ಲವಾ? ಅದಕ್ಕೇ ಇರಬೇಕು, ಆ ಅಡುಗೆಮನೆ ನನಗೆ ಪರಕೀಯ ಅನ್ನಿಸಲಿಲ್ಲ.

ಶನಿವಾರ ಮಧ್ಯಾಹ್ನ ಹೋದ ಕೂಡಲೇ ನನ್ನ ಮುಂದೆ ಈರುಳ್ಳಿ ಚೀಲ. ಸುಲಿದು, ನಾಲ್ಕು ಹೋಳು ಮಾಡಿ, ಮಗು ಕೂತು ಸ್ನಾನ ಮಾಡುವಷ್ಟು ದೊಡ್ಡ ಪಾತ್ರೆಗೆ ತುಂಬಬೇಕು. ಅದಕ್ಕೆ ಒಂದಿಷ್ಟು ಕ್ಯಾರೆಟ್ಟು, ಎಲೆಕೋಸಿನ ತುಂಡು, ದಪ್ಪ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಡಬ್ಬಿ ಟೊಮೆಟೊ, ಅರಿಸಿನ, ಉಪ್ಪು. ಎಣ್ಣೆಯನ್ನು ಸೌಟಿನಲ್ಲಿ ಅಳೆಯುವ ಪದ್ಧತಿಯೇ ಇರಲಿಲ್ಲ, ಕ್ಯಾನನ್ನೇ ಬಗ್ಗಿಸುತ್ತಿದ್ದರು. ಈರುಳ್ಳಿ ಬೆರಳಿಗೆ ಸಿಕ್ಕರೆ ಕರಗಬೇಕು, ಅಷ್ಟು ಬೇಯಬೇಕು. ಆಮೇಲೆ ನುಣ್ಣಗೆ ಅರೆದು, ನೀರು ಬೆರೆಸಿ, ಇನ್ನೊಮ್ಮೆ ಕುದಿಸುವುದು. ಅದಕ್ಕೆ ಅವರು ಗರಬಿ ಅನ್ನುತ್ತಿದ್ದರು. ನಮ್ಮ ಉಸ್ತಾದರು, ಅಂದರೆ ಮುಖ್ಯ ಬಾಣಸಿಗರು, ಸೌಟಿನಿಂದ ಮೇಲೆತ್ತಿ ಬಿಟ್ಟು ನೋಡುವರು. ಹಾಲಿನ ಹಾಗೆ ಸುರಿಯಬೇಕು. ಸ್ವಲ್ಪ ಗಟ್ಟಿಯಾಗಿ ಬಿದ್ದರೂ ಬೈಗುಳ. ಕುದಿದ ಮೇಲೆ ಅಂಚಿನಲ್ಲಿ ಹಳದಿ ಎಣ್ಣೆ ತೇಲುತ್ತದಲ್ಲ, ಅದನ್ನು ಬಳಿದು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ರಾತ್ರಿಯ ಒಗ್ಗರಣೆಗೆ ಅದೇ. ನೀನು ಹುಡುಕುವ ಆ ‘ರೆಸ್ಟೋರೆಂಟ್ ವಾಸನೆ’ಯ ಒಂದು ಪಾಲು ಆ ಡಬ್ಬಿಯಲ್ಲಿತ್ತು.

ಏಳು ಗಂಟೆಗೆ ಆರ್ಡರು ಶುರುವಾದರೆ ಉಸ್ತಾದರ ಕೈ ನೋಡಬೇಕಿತ್ತು. ಅಗಲ ತಳದ ಅಲ್ಯೂಮಿನಿಯಂ ಬಾಣಲೆ, ಒಲೆಯಲ್ಲಿ ಬುಸುಗುಟ್ಟುವ ಉರಿ. ಎಣ್ಣೆ, ಶುಂಠಿ-ಬೆಳ್ಳುಳ್ಳಿ, ಕೊತ್ತಂಬರಿ ಜೀರಿಗೆ ಅರಿಸಿನ ಕರಿ ಪೌಡರು ಎಲ್ಲ ಬೆರೆಸಿಟ್ಟ ಮಿಕ್ಸ್, ಮೆಣಸಿನ ಪುಡಿ, ನೀರು ಮಾಡಿಕೊಂಡ ಟೊಮೆಟೊ ಪ್ಯೂರಿ. ಮಸಾಲೆ ಸೀಯಲು ಇನ್ನೇನು ಒಂದು ಉಸಿರು ಬಾಕಿ ಅನ್ನುವಾಗ ಒಂದು ಸೌಟು ಬಿಸಿ ಗರಬಿ. ಆಮೇಲೆ ಕೈ ಆಡಿಸುತ್ತಿರಲಿಲ್ಲ. ಗ್ರೇವಿ ಬತ್ತಿ ಬಾಣಲೆಯ ಅಂಚಿಗೆ ಕಚ್ಚಿ ಕಂದಾಗುವವರೆಗೆ ಸುಮ್ಮನೆ ನಿಲ್ಲುವರು. ಕಚ್ಚಿದ್ದನ್ನು ಕೆರೆದು ಒಳಗೆ ಸೇರಿಸಿ ಇನ್ನೊಂದು ಸೌಟು, ಪುನಃ ಅದೇ. ಕೊನೆಗೆ ಮೊದಲೇ ಬೇಯಿಸಿಟ್ಟ ಕೋಳಿ, ನಿಂಬೆರಸ, ಚಿಟಿಕೆ ಕಸೂರಿ ಮೇಥಿ. ಏಳೆಂಟು ನಿಮಿಷದಲ್ಲಿ ಮದ್ರಾಸ್ ಕರಿ ರೆಡಿ. ಅದೇ ಗರಬಿಗೆ ಕೆನೆ, ತೆಂಗಿನಕಾಯಿ, ಸಕ್ಕರೆ ಬಿದ್ದರೆ ಕೊರ್ಮ. ಬೇಳೆ ಬಿದ್ದರೆ ಧನ್ಸಾಕ್. ಮದ್ರಾಸಿನವರಿಗೆ ಈ ಮದ್ರಾಸಿನ ಗುರುತೇ ಇರಲಿಕ್ಕಿಲ್ಲ, ಅದು ಬೇರೆ ಮಾತು.

ಮಧ್ಯರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಅಡುಗೆಮನೆಯವರು ತಮಗಾಗಿ ಒಲೆ ಹಚ್ಚುತ್ತಿದ್ದರು. ಗರಬಿಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಮುಳ್ಳಿನ ಮೀನು, ತೆಳ್ಳಗಿನ ಸಾರು, ಅದಕ್ಕೆ ಶತ್‌ಕೊರಾ ಎಂಬ ದಪ್ಪ ಸಿಪ್ಪೆಯ ಕಹಿ ಹುಳಿ ಕಾಯಿಯ ಹೋಳು, ಬಿಸಿ ಅನ್ನ. ನೆಲದ ಮೇಲೆ ಪೇಪರು ಹಾಸಿ ಕೂತು ಕೈಯಲ್ಲಿ ಉಣ್ಣುತ್ತಿದ್ದೆವು. ಯಾರೂ ಗಿರಾಕಿಯ ಊಟವನ್ನು ಸುಳ್ಳು ಅಂತಲೂ ಹೇಳಲಿಲ್ಲ, ತಮ್ಮ ಊಟವೇ ಹೆಚ್ಚು ಅಂತಲೂ ಹೇಳಲಿಲ್ಲ.

ನೀನಾದರೋ ವಿಡಿಯೊ ಕಾಲಿನಲ್ಲಿ ನಿನ್ನ ಅಮ್ಮನಿಗೆ, "ಇಲ್ಲಿಯ ಕರಿಯ ಮುಂದೆ ನಿನ್ನ ಕೋಳಿ ಸಾರು ನೀರು ನೀರು" ಅಂದೆಯಂತೆ. ಬೆಳಿಗ್ಗೆ ಎದ್ದು ತೆಂಗಿನಕಾಯಿ ತುರಿದು, ಬ್ಯಾಡಗಿ ಮೆಣಸು ಹುರಿದು, ಬೀಸಿ ನಿನ್ನನ್ನು ಸಾಕಿದವಳಿಗೆ ಆಡುವ ಮಾತಾ ಅದು? ಹೋಗಲಿ, ಆ ಕರಿಯನ್ನು ನೀನಾದರೂ ಸರಿಯಾಗಿ ಮಾಡಿದೆಯಾ ಎಂದು ನೀನು ಕಳಿಸಿದ ಫೋಟೊ ನೋಡಿದೆ. ಎರಡು ಚಮಚ ಎಣ್ಣೆ, ಎರಡು ಈರುಳ್ಳಿ, ಹೊಗೆ ಬಂದೀತೆಂದು ಸಣ್ಣ ಉರಿ. ಒಂದೇ ಸಮನೆ ಕೈಯಾಡಿಸಿರಬೇಕು, ಬಾಣಲೆಯ ಅಂಚು ಪಳಪಳ ಹೊಳೆಯುತ್ತಿದೆ. ಇಷ್ಟು ಮಾಡಿ, ರುಚಿ ಬರಲಿಲ್ಲ, ಗುಟ್ಟೇನೋ ಇದೆ ಅನ್ನುತ್ತೀಯ! ಡಯಟ್ ಮಾಡುವ ಆಸೆಯಿದ್ದರೆ ಮೊಸರನ್ನ ತಿನ್ನು.

ಸಿಟ್ಟು ಬಿಡು. ಜಾಡಿಯ ಸಾಸ್ ತರುತ್ತೀಯೋ, ಟೇಕ್‌ಅವೇ ತರಿಸುತ್ತೀಯೋ, ಮನೆಯಲ್ಲೇ ಮಾಡುತ್ತೀಯೋ, ನಿನ್ನಿಷ್ಟ. ನಾನು ಯಾವುದನ್ನೂ ಹೇರುವವನಲ್ಲ. ಜಾಡಿ ಸಾಸು ಸಕ್ಕರೆ ಪಾಕ, ಟೇಕ್‌ಅವೇ ನಿನ್ನ ಬಾಡಿಗೆಯನ್ನೇ ತಿಂದುಹಾಕುತ್ತದೆ, ಇಷ್ಟು ಗೊತ್ತಿದ್ದು ಆರಿಸಿಕೋ. ಮನೆಯಲ್ಲೇ ಅಂತಾದರೆ ಅರ್ಧಂಬರ್ಧ ಬೇಡ. ತಿಂಗಳಲ್ಲಿ ಒಂದು ಭಾನುವಾರ ಎರಡು ಕಿಲೊ ಈರುಳ್ಳಿಯ ಗರಬಿ ಮಾಡು. ಬೇಗ ಆರಿಸಿ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಹಾಕು, ರಾತ್ರಿಯಿಡೀ ಹೊರಗೆ ಬಿಟ್ಟು ಆಮೇಲೆ ಹೊಟ್ಟೆ ಹಿಡಿದುಕೊಳ್ಳಬೇಡ. ಒಮ್ಮೆಗೆ ಒಬ್ಬರದ್ದೋ ಇಬ್ಬರದ್ದೋ ಮಾತ್ರ ಬಾಣಲೆಗೆ ಹಾಕು. ಆರು ಜನರದ್ದು ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ಎಲ್ಲ ಬೇಯುತ್ತದೆ, ಯಾವುದೂ ಕಂದಾಗುವುದಿಲ್ಲ. ಗರಬಿ ಪಕ್ಕದ ಒಲೆಯಲ್ಲಿ ಕುದಿಯುತ್ತಲೇ ಇರಲಿ. ಸ್ಮೋಕ್ ಅಲಾರಾಂ ಕೂಗಿದರೆ ಕಿಟಕಿ ತೆಗೆ, ಅದರ ಬ್ಯಾಟರಿ ಕೀಳಬೇಡ.

ಇನ್ನೊಂದು ವಿಷಯದಲ್ಲಿ ತಮಾಷೆ ಬೇಡ. ಗೆಳೆಯರಿಗೆ ಬಡಿಸುವ ಮೊದಲು ಬಾದಾಮಿ, ಕಡಲೆಕಾಯಿ ಆಗಿಬರುತ್ತದಾ ಎಂದು ಕೇಳು. ಯಾರ್ಕ್‌ಷೈರ್ ಕಡೆಯ ಒಬ್ಬ ರೆಸ್ಟೋರೆಂಟ್ ಮಾಲೀಕ ಬಾದಾಮಿ ಪುಡಿಯ ಬದಲು ಅಗ್ಗದ, ಕಡಲೆಕಾಯಿ ಬೆರೆತ ಪುಡಿ ಬಳಸಿ, ಅಲರ್ಜಿಯಿದ್ದ ಗಿರಾಕಿ ಸತ್ತು, 2016ರಲ್ಲಿ ಮಾಲೀಕನಿಗೆ ಆರು ವರ್ಷ ಜೈಲಾಯಿತು. ಗಿರಾಕಿ ‘ನಟ್ಸ್’ ಬೇಡ ಎಂದು ಹೇಳಿಯೇ ತರಿಸಿದ್ದ.

ನೀನು ಕಲಿಯಬಾರದು ಅಂತ ಅಲ್ಲ ನನ್ನ ಮಾತು. ಕಲಿ, ನನಗೆ ಖುಷಿಯೇ. ಇಲ್ಲಿಗೆ ಬಂದು ಬಾಣಲೆ ಹಿಡಿಯಬೇಕು ಅನ್ನಿಸಿತಲ್ಲ, ನಿನ್ನ ವಯಸ್ಸಿನ ಎಷ್ಟು ಹುಡುಗರಿಗೆ ಅನ್ನಿಸುತ್ತದೆ? ನಿನ್ನ ಅಮ್ಮನಿಗೆ ಇವತ್ತೇ ಫೋನು ಮಾಡು. ಕ್ಷಮೆಗಿಮೆ ಕೇಳುವ ನಾಟಕ ಬೇಡ, ಸಾರಿನ ಮಸಾಲೆಯ ಅಳತೆ ಕೇಳಿ ಬರೆದುಕೋ, ಅವಳಿಗೆ ಅರ್ಥವಾಗುತ್ತದೆ. ಮುಂದಿನ ಶನಿವಾರ ಕೊವೆಂಟ್ರಿಗೆ ಬಾ. ನಿನ್ನ ಅತ್ತೆ ನಮ್ಮ ಮಗಳ ಮನೆಗೆ ಹೋಗಿರುತ್ತಾಳೆ, ಅಡುಗೆಮನೆ ನಮ್ಮದೇ. ಅಗಲ ತಳದ ಬಾಣಲೆ ನನ್ನ ಹತ್ತಿರ ಎರಡಿದೆ, ಹಳೆಯದನ್ನು ನೀನು ಇಟ್ಟುಕೋ. ಹೊಸದು ಕೊಡುವುದಿಲ್ಲ.

ಇಂತಿ,
ನಿನ್ನ ಮಾವ