ಬಫಲೋ ಮಹಾನಗರ ಪ್ರದೇಶ: ಜನಸಂಖ್ಯಾ ಟಿಪ್ಪಣಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮದಲ್ಲಿ, ಈರಿ ಸರೋವರದ ದಂಡೆಯಲ್ಲಿದೆ ಬಫಲೋ. ಈರಿ ಮತ್ತು ನಯಾಗರಾ ಎಂಬ ಎರಡು ಕೌಂಟಿಗಳು ಸೇರಿ ಅದರ ಮಹಾನಗರ ಪ್ರದೇಶ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 11,66,902. ಬಫಲೋ ನಗರದ್ದು ಮಾತ್ರ 2,78,349. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿರುವುದು ನಗರದ ಬಗ್ಗೆಯೋ, ಮಹಾನಗರ ಪ್ರದೇಶದ ಬಗ್ಗೆಯೋ ನೋಡಿಕೊಳ್ಳಿ. ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಸಂಖ್ಯೆಗಿಂತ ಅದರ ಏರಿಳಿತವೇ ಸ್ವಾರಸ್ಯ. 1825ರಲ್ಲಿ ಪೂರ್ಣಗೊಂಡ ಈರಿ ಕಾಲುವೆ ಈ ಊರನ್ನು ಧಾನ್ಯ ವ್ಯಾಪಾರದ ಬಾಗಿಲಾಗಿಸಿತು. 1950ರಲ್ಲಿ ನಗರದಲ್ಲಿ 5,80,132 ಜನರಿದ್ದರು. 1959ರಲ್ಲಿ ಸರೋವರಗಳಿಂದ ನೇರ ಸಮುದ್ರಕ್ಕೆ ದಾರಿಯಾದ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದಾಗ ಹಡಗುಗಳು ಬಫಲೋವನ್ನು ಬದಿಗಿಟ್ಟು ಸಾಗಿದವು. ಉಕ್ಕಿನ ಕಾರ್ಖಾನೆಗಳು ಮುಚ್ಚಿದವು, ಜನ ಉಪನಗರಗಳಿಗೂ ದಕ್ಷಿಣದ ರಾಜ್ಯಗಳಿಗೂ ಹೊರಟರು. 2010ಕ್ಕೆ ನಗರದಲ್ಲಿ ಉಳಿದವರು 2,61,310.

2020ರಲ್ಲಿ, 70 ವರ್ಷಗಳ ಬಳಿಕ ಮೊದಲ ಬಾರಿ ನಗರದ ಜನಸಂಖ್ಯೆ ಏರಿತು: ಸುಮಾರು ಶೇ. 6.5. ಬರ್ಮಾ, ಸೊಮಾಲಿಯಾಗಳ ನಿರಾಶ್ರಿತರು, ನ್ಯೂಯಾರ್ಕ್ ನಗರದ ದುಬಾರಿ ಬಾಡಿಗೆ ತಾಳದೆ ಬಂದ ಬಾಂಗ್ಲಾದೇಶಿ ಕುಟುಂಬಗಳು ಇದಕ್ಕೆ ಮುಖ್ಯ ಕಾರಣ.

ನೆನಪಿಡಿ: ಅಮೆರಿಕದ ಜನಗಣತಿ 0ಯಿಂದ ಕೊನೆಗೊಳ್ಳುವ ವರ್ಷಗಳಲ್ಲಿ ನಡೆಯುತ್ತದೆ; ಮೊದಲನೆಯದು 1790ರಲ್ಲಿ.