ಚಿಗಟೇರಿಯ ನೀರು, ಸ್ಟೀಲಿನ ಬಾಟಲಿ

ನೀರು ಒಯ್ಯುವ ಸ್ಟೀಲ್ ಬಾಟಲಿಗಳಲ್ಲಿ ಎರಡು ಬಗೆ. ಒಂದು ಒಂಟಿ ಗೋಡೆಯದು: ಒಂದೇ ತಗಡಿನಿಂದ ಮಾಡಿದ್ದು, ಹಗುರ, ಬೆಲೆಯೂ ಕಡಿಮೆ. ಇನ್ನೊಂದು ಜೋಡಿ ಗೋಡೆಯದು: ಒಳಗೊಂದು ಪಾತ್ರೆ, ಹೊರಗೊಂದು ಪಾತ್ರೆ, ನಡುವಿನ ಗಾಳಿಯನ್ನು ಎಳೆದು ತೂತು ಮುಚ್ಚಿರುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಥರ್ಮಾಸ್, ಫ್ಲಾಸ್ಕ್, ‘ಹಾಟ್ ಅಂಡ್ ಕೋಲ್ಡ್’ ಎಂದೆಲ್ಲ ಹೆಸರು. ಗಾಳಿಯಿಲ್ಲದ ಜಾಗವನ್ನು ಶಾಖ ಸುಲಭವಾಗಿ ದಾಟಲಾರದು ಎಂಬುದೇ ಇದರ ಗುಟ್ಟು. 1892ರಲ್ಲಿ ಜೇಮ್ಸ್ ಡೀವರ್ ಎಂಬ ವಿಜ್ಞಾನಿ ಇದನ್ನು ಗಾಜಿನಲ್ಲಿ ಮಾಡಿದ್ದು ಚಹಾಕ್ಕಲ್ಲ, ದ್ರವವಾಗಿಸಿದ ಅನಿಲಗಳನ್ನು ಕಾಪಾಡಲಿಕ್ಕೆ. 1904ರಲ್ಲಿ ಜರ್ಮನಿಯಲ್ಲಿ ಥರ್ಮಾಸ್ ಕಂಪನಿ ಅದನ್ನು ಮನೆಬಳಕೆಗೆ ತಂದಿತು. ಗಾಜಿನ ಬದಲು ಸ್ಟೀಲು ಬಂದದ್ದು ಬಹಳ ಕಾಲದ ಮೇಲೆ.

ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು ಚಿಗಟೇರಿಯಂಥ ಕಡೆ, ಯಾವುದನ್ನು ಕೊಳ್ಳಬೇಕೆಂಬುದಕ್ಕೆ ಮೊದಲ ಉತ್ತರ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಬೈಕಿನ ಹ್ಯಾಂಡಲ್ಲಿಗೆ ತೂಗುಬಿಟ್ಟ ಒಂಟಿ ಗೋಡೆಯ ಬಾಟಲಿ ಹೊಲ ಮುಟ್ಟುವಷ್ಟರಲ್ಲಿ ಕೈಗೆ ಚುರುಕು ಮುಟ್ಟಿಸುವಷ್ಟು ಕಾದಿರುತ್ತದೆ, ಒಳಗಿನ ನೀರು ಸ್ನಾನದ ನೀರಾಗಿರುತ್ತದೆ. ಇದಕ್ಕೆ ನಮ್ಮ ಕಡೆಯ ರೈತರು ಪ್ಲಾಸ್ಟಿಕ್ ಕ್ಯಾನಿಗೆ ಮಾಡುವ ಉಪಾಯವೇ ಮದ್ದು: ಸುತ್ತ ಗೋಣಿತಾಟು ಹೊಲಿದು, ನೀರಲ್ಲಿ ಅದ್ದಿ, ಬೇವಿನ ಮರದ ನೆರಳಿಗೆ ಗಾಳಿ ಆಡುವ ಹಾಗೆ ತೂಗುಹಾಕುವುದು. ತಾಟಿನ ನೀರು ಆರುತ್ತ ಬಾಟಲಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಈ ಭಾಗದ ಬೇಸಿಗೆ ಒಣ ಬೇಸಿಗೆ. ಹೀಗಾಗಿ ತಾಟು ಬೇಗ ಆರುತ್ತದೆ, ನೀರೂ ಬೇಗ ತಣಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಇದೇ ಉಪಾಯ ಇಷ್ಟು ಚೆನ್ನಾಗಿ ಫಲಿಸುವುದಿಲ್ಲ.

ಜೋಡಿ ಗೋಡೆಯ ಬಾಟಲಿಗೆ ಒದ್ದೆ ಬಟ್ಟೆ ಸುತ್ತುವವರೂ ಇದ್ದಾರೆ. ಅದು ವ್ಯರ್ಥ ಕೆಲಸ. ಹೊರಗಿನ ಶಾಖವನ್ನು ಒಳಗೆ ಬಿಡದ ಗೋಡೆ ಹೊರಗಿನ ತಂಪನ್ನೂ ಒಳಗೆ ಬಿಡುವುದಿಲ್ಲ. ಆ ಬಾಟಲಿ ನೀರನ್ನು ತಣಿಸುವುದಿಲ್ಲ, ಹಾಕಿದ ನೀರು ಹೇಗಿತ್ತೋ ಹಾಗೆ ಕಾಯುತ್ತದೆ, ಅಷ್ಟೇ. ಬೆಳಗಿನ ಮಣ್ಣಿನ ಹರವಿಯ ನೀರು ತುಂಬಿದರೆ ಮಧ್ಯಾಹ್ನದ ಬುತ್ತಿಯ ಹೊತ್ತಿಗೂ ಹರವಿಯ ನೀರೇ ಸಿಗುತ್ತದೆ. ಬಿಸಿಲಿಗೆ ಕಾದ ಸಿಂಟೆಕ್ಸಿನ ನೀರು ತುಂಬಿದರೆ ಸಂಜೆಯವರೆಗೂ ಅದೇ ಬಿಸಿ. ಡಬ್ಬದ ಮೇಲೆ ಬರೆದ ‘24 ಗಂಟೆ ತಂಪು’ ಎಂಬ ಮಾತು ತುಂಬಿ ಮುಚ್ಚಿ, ತೆರೆಯದೆ ಇಟ್ಟ ಬಾಟಲಿಗೆ ಸಂಬಂಧಿಸಿದ್ದು. ಗುಟುಕಿಗೊಮ್ಮೆ ಮುಚ್ಚಳ ತೆಗೆದು, ಅರ್ಧ ಖಾಲಿ ಮಾಡಿ ಇಟ್ಟರೆ ಆ ಲೆಕ್ಕ ನಡೆಯುವುದಿಲ್ಲ.

ಬಾಟಲಿಗಿಂತ ಮೊದಲು ಅದಕ್ಕೆ ತುಂಬುವ ನೀರನ್ನು ನೋಡಬೇಕು, ಮತ್ತು ಈ ಸೀಮೆಯಲ್ಲಿ ಇದು ದೊಡ್ಡ ವಿಷಯ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸುತ್ತಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅಡ್ಡಿಯಿಲ್ಲ. ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ದೊಡ್ಡವರಲ್ಲಿ ಎಲುಬು, ಕೀಲು ಹಿಡಿಯುತ್ತವೆ. ಸ್ಟೀಲಿಗೂ ಫ್ಲೋರೈಡಿಗೂ ಸಂಬಂಧವಿಲ್ಲ. ಬಾಟಲಿ ಎಷ್ಟೇ ದುಬಾರಿಯದಾದರೂ ಅದನ್ನು ತೆಗೆಯದು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ, ಜನ ‘ಫಿಲ್ಟರ್ ನೀರು’ ಎನ್ನುವ ಆರ್‌ಒ ನೀರನ್ನು ಬಾಟಲಿಗೆ ತುಂಬುವುದೇ ದಾರಿ. ಮನೆಯಲ್ಲಿ ಫಿಲ್ಟರ್ ನೀರು ಕುಡಿಸಿ, ಶಾಲೆಯ ಬಾಟಲಿಗೆ ಮಾತ್ರ ಅವಸರದಲ್ಲಿ ಬೋರಿನ ನೀರು ಹಿಡಿದು ಕಳಿಸುವುದು ಬಹಳ ಮನೆಗಳಲ್ಲಿ ಕಾಣುವ ರೂಢಿ. ಮಗು ದಿನದ ಅರ್ಧ ನೀರನ್ನು ಕುಡಿಯುವುದು ಆ ಬಾಟಲಿಯಿಂದಲೇ.

ಇನ್ನು ಲೋಹ. ಸ್ಟೇನ್‌ಲೆಸ್ ಸ್ಟೀಲು ಕಬ್ಬಿಣವೇ. ಅದಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೆರೆಸಿದಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಗೀರಿದರೆ ಆ ಪೊರೆ ಗಾಳಿ ತಾಗಿ ತಾನೇ ಮತ್ತೆ ಕೂಡುತ್ತದೆ. ನೀರಿನ ಬಾಟಲಿಗೆ ಹೇಳಿದ್ದು 304 ಎಂಬ ದರ್ಜೆ: ಕ್ರೋಮಿಯಂ ಶೇ. 18ರ ಆಸುಪಾಸು, ನಿಕ್ಕಲ್ ಶೇ. 8ಕ್ಕೆ ಕಡಿಮೆಯಿಲ್ಲ. ನಿಕ್ಕಲ್ ದುಬಾರಿ ಲೋಹ. ಹಾಗಾಗಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201, 202 ದರ್ಜೆಗಳು ಅಗ್ಗದ ಪಾತ್ರೆಗಳಿಗೆ ಬಂದಿವೆ. ಇವು ವಿಷವಲ್ಲ, ಆದರೆ ಉಪ್ಪು, ಹುಳಿ, ಗಡಸು ನೀರಿಗೆ ಬೇಗ ಸೋಲುತ್ತವೆ. ಕೆಲವು ಜೋಡಿ ಗೋಡೆಯ ಬಾಟಲಿಗಳಲ್ಲಿ ಒಳಗೋಡೆ 304, ಹೊರಗೋಡೆ 201 ಇರುತ್ತದೆ. ಅದರಲ್ಲಿ ಮೋಸವಿಲ್ಲ, ನೀರು ಮುಟ್ಟುವುದು ಒಳಗೋಡೆಯನ್ನು ಮಾತ್ರ.

ದರ್ಜೆ ತಿಳಿಯಲು ಪಾತ್ರೆ ಅಂಗಡಿಗಳಲ್ಲಿ ನಡೆಯುವ ಪರೀಕ್ಷೆ ಅಯಸ್ಕಾಂತದ್ದು. ಅಂಗಡಿಯವನು ಗಲ್ಲೆಯ ಕೆಳಗಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದು ಬಾಟಲಿಯ ಹೊಟ್ಟೆಗೆ ಇಡುತ್ತಾನೆ, ಅದು ಜಾರಿ ಬೀಳುತ್ತದೆ, ‘ನೋಡ್ರಿ, ಒರಿಜಿನಲ್’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಪರೀಕ್ಷೆಯೇ ಅರೆಬರೆಯದು. 304ಕ್ಕೆ ಅಯಸ್ಕಾಂತ ಅಂಟುವುದಿಲ್ಲ ನಿಜ. 201ಕ್ಕೂ 202ಕ್ಕೂ ಅಂಟುವುದಿಲ್ಲ. ಬೇರೆ ಮಾಡಬೇಕಾದದ್ದು ಈ ಮೂರನ್ನೇ, ಅದು ಅಯಸ್ಕಾಂತದ ಕೈಲಾಗದು. ಅಷ್ಟೇ ಅಲ್ಲ, ಒಳ್ಳೆಯ 304 ತಗಡನ್ನೂ ಒತ್ತಿ ಬಗ್ಗಿಸಿದಾಗ ಕುತ್ತಿಗೆಯ ತಿರುವಿನಲ್ಲಿ, ತಳದ ಅಂಚಿನಲ್ಲಿ ಸ್ವಲ್ಪ ಅಯಸ್ಕಾಂತದ ಸೆಳೆತ ಬರುತ್ತದೆ. ಅದನ್ನು ನೋಡಿ ಒಳ್ಳೆಯ ಬಾಟಲಿಯನ್ನು ಬಿಟ್ಟು ಬಂದವರಿದ್ದಾರೆ. ಗುಜರಿ ವ್ಯಾಪಾರಿಗಳ ಹತ್ತಿರ ದ್ರಾವಣದ ಹನಿ ಹಾಕಿ ಬ್ಯಾಟರಿ ಮುಟ್ಟಿಸುವ ಪರೀಕ್ಷೆಯಿದೆ. ಮ್ಯಾಂಗನೀಸ್ ಹೆಚ್ಚಿದ್ದರೆ ಹನಿ ಕೆಂಪಾಗುತ್ತದೆ. ಹೊಸ ಬಾಟಲಿಯ ಮೇಲೆ ಅದನ್ನು ಮಾಡಲು ಯಾವ ಅಂಗಡಿಯವನೂ ಬಿಡುವುದಿಲ್ಲ.

ಹೆಸರಿನ ಗೊಂದಲವೂ ಉಂಟು. ಪಾತ್ರೆ ವ್ಯಾಪಾರದಲ್ಲಿ ‘ಸೇಲಂ’, ‘ಜಿಂದಾಲ್’ ಎಂಬುವು ತಗಡು ಎಲ್ಲಿಂದ ಬಂತೆಂದು ಸೂಚಿಸುವ ಮಾತುಗಳು. ತಮಿಳುನಾಡಿನ ಸೇಲಂ ಸ್ಟೀಲ್ ಕಾರ್ಖಾನೆ 1980ರ ದಶಕದ ಆರಂಭದಿಂದ ಸ್ಟೇನ್‌ಲೆಸ್ ತಗಡು ಮಾಡುತ್ತಿದೆ. ನಮ್ಮ ಕಡೆ ಜಿಂದಾಲ್ ಎಂದರೆ ಸಂಡೂರು ತಾಲ್ಲೂಕಿನ ತೋರಣಗಲ್ಲು. ಊರಿಗಿಬ್ಬರಾದರೂ ಅಲ್ಲಿ ದುಡಿಯುವವರು ಸಿಗುತ್ತಾರೆ. ಆದರೆ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆ ಮಾಡುವುದು ಕಟ್ಟಡದ ಸರಳು, ತಗಡು, ಸುರುಳಿಗಳ ಸಾದಾ ಉಕ್ಕು. ಪಾತ್ರೆಗೆ ಬರುವ ಜಿಂದಾಲ್ ಸ್ಟೇನ್‌ಲೆಸ್ ಬೇರೆಯದೇ ಕಂಪನಿ. ‘ನಮ್ಮ ಸಂಡೂರು ಅದಿರಿಂದೇ’ ಎಂದು ಹೆಮ್ಮೆಯಿಂದ ಕೊಳ್ಳುವವರಿಗೆ ಇದು ಬೇಸರದ ಸುದ್ದಿ. ಅದೇನೇ ಇರಲಿ, ಇವೆರಡೂ ಕಂಪನಿಯ ಹೆಸರುಗಳೇ ಹೊರತು ದರ್ಜೆಯ ಹೆಸರುಗಳಲ್ಲ. ಒಂದೇ ಕಾರ್ಖಾನೆಯಿಂದ ಹಲವು ದರ್ಜೆಯ ತಗಡು ಹೊರಬರುತ್ತದೆ.

ಕೊಳ್ಳುವವರು ನಂಬಬಹುದಾದ ಗುರುತು ಐಎಸ್‌ಐ ಮುದ್ರೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಕುಡಿಯುವ ನೀರಿನ ಬಾಟಲಿಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ತಾಮ್ರ, ಸ್ಟೀಲು, ಅಲ್ಯೂಮಿನಿಯಂ ಬಾಟಲಿಗಳಿಗೆ ಐಎಸ್ 17803 ಎಂಬ ಮಾನಕವಿದೆ. ಮುದ್ರೆಯ ಜೊತೆಗೆ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಸಂತೆಯಲ್ಲಿ ತಾಡಪತ್ರಿ ಹಾಸಿ ಮಾರುವ ಬಾಟಲಿಗಳ ಮೇಲಿನ ‘ಫುಡ್ ಗ್ರೇಡ್’ ಎಂಬ ಚೀಟಿ ಇದಕ್ಕೆ ಸಮವಲ್ಲ.

ಬಾಯಿಯ ಅಗಲದ ಬಗ್ಗೆ ಅಂಗಡಿಯಲ್ಲಿ ಯಾರೂ ಯೋಚಿಸುವುದಿಲ್ಲ, ಮನೆಗೆ ಬಂದ ಮೇಲೆ ಎಲ್ಲರೂ ಯೋಚಿಸುತ್ತಾರೆ. ಅಗಲ ಬಾಯಿಗೆ ಕೈ ಹೋಗುತ್ತದೆ, ತೊಳೆಯಲು ಸಲೀಸು. ಆದರೆ ನಮ್ಮಲ್ಲಿ ನೀರನ್ನು ಎತ್ತಿ ಕುಡಿಯುವ ವಾಡಿಕೆ. ಹೊಲದಲ್ಲಿ ಒಂದೇ ಬಾಟಲಿ ನಾಲ್ಕು ಜನರ ಕೈ ದಾಟುತ್ತದೆ, ಯಾರೂ ತುಟಿ ಹಚ್ಚುವಂತಿಲ್ಲ. ಅಗಲ ಬಾಯಿಯ ಬಾಟಲಿಯನ್ನು ಎತ್ತಿ ಕುಡಿದರೆ ಅರ್ಧ ನೀರು ಬಾಯಿಗೆ, ಅರ್ಧ ಅಂಗಿಯ ಕಾಲರಿಗೆ. ಹರಪನಹಳ್ಳಿ ಬಸ್ಸಿನಲ್ಲಂತೂ ಪಕ್ಕದವರ ಮಡಿಲಿಗೂ. ತೀರ ಇಕ್ಕಟ್ಟು ಬಾಯಾದರೆ ಒಳಗೆ ಬ್ರಷ್ ಕೂಡ ಹೋಗದು. ಎರಡು ಬೆರಳು ಇಳಿಯುವಷ್ಟು ಬಾಯಿ, ತಿರುಪಿನ ಮುಚ್ಚಳ: ಬಳಸಿ ನೋಡಿದ ಮೇಲೆ ಉಳಿಯುವ ಆಯ್ಕೆ ಇದು. ಒತ್ತಿದರೆ ತೆರೆಯುವ, ಸ್ಟ್ರಾ ಇರುವ ಮುಚ್ಚಳಗಳು ಮಕ್ಕಳಿಗೆ ಇಷ್ಟ, ತೊಳೆಯುವವರಿಗೆ ಕಷ್ಟ. ಅದರ ಸಂದುಗಳಲ್ಲಿ ಕಪ್ಪು ಬೂಸ್ಟು ಕೂರುತ್ತದೆ.

ಅಳತೆಯಲ್ಲಿ ಭಾರವೇ ಮುಖ್ಯ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಜೋಡಿ ಗೋಡೆಯ ಲೀಟರ್ ಬಾಟಲಿ ಖಾಲಿಯಿದ್ದಾಗಲೇ ಅರ್ಧ ಕೆಜಿ ಹತ್ತಿರ ತೂಗುತ್ತದೆ. ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಒಂದು, ಎರಡನೇ ತರಗತಿಯ ಮಕ್ಕಳ ಶಾಲಾ ಚೀಲಕ್ಕೆ ಒಂದೂವರೆಯಿಂದ ಎರಡು ಕೆಜಿ ಮಿತಿ ಹಾಕಿತು. ಲೀಟರ್ ಬಾಟಲಿಯೊಂದೇ ಆ ಮಿತಿಯನ್ನು ಬಹುಪಾಲು ನುಂಗುತ್ತದೆ. ಚಿಕ್ಕ ಮಕ್ಕಳಿಗೆ ಒಂಟಿ ಗೋಡೆಯ ಅರ್ಧ ಲೀಟರ್ ಸಾಕು, ಶಾಲೆಯಲ್ಲಿ ಒಳ್ಳೆಯ ನೀರು ಇರುವುದಾದರೆ. ಫೆಬ್ರುವರಿ ಹೊತ್ತಿಗೆ ದಾವಣಗೆರೆ ಕಡೆಯಿಂದ ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಪಾದಯಾತ್ರೆ ಹೋಗುವವರಿಗೂ ಹಗುರ ಬಾಟಲಿಯೇ ಲೇಸು. ದಾರಿಯ ಊರಿನವರು ನೀರು, ಮಜ್ಜಿಗೆ, ಪಾನಕ ಕೊಡುತ್ತಲೇ ಇರುತ್ತಾರೆ, ಹೆಗಲು ಮಾತ್ರ ತಮ್ಮದೇ.

ಹೊಸ ಬಾಟಲಿಯ ಒಳಗೆ ಬಿಳಿ ಬಟ್ಟೆ ಆಡಿಸಿದರೆ ಕೆಲವೊಮ್ಮೆ ಕಪ್ಪು ಬಣ್ಣ ಅಂಟುತ್ತದೆ. ಅದು ಪಾಲಿಷಿನ ಜಿಡ್ಡು, ಬರಿ ನೀರಿಗೆ ಹೋಗದು. ಶೇಂಗಾ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿದ ಬಿಸಿ ನೀರಲ್ಲಿ ತೊಳೆಯಬೇಕು. ದಿನ ಕಳೆದಂತೆ ಗಡಸು ನೀರಿನ ಬಿಳಿ ಪೊರೆ ತಳದಲ್ಲಿ ಕಟ್ಟುತ್ತದೆ. ಬೆರಳಿಗೆ ಸಣ್ಣ ಮರಳಿನಂತೆ ತಾಗುವ ಇದು ಸುಣ್ಣದಂಶ, ಉಗುರಿಗೆ ಏಳದು, ಹುಳಿಗೆ ಕರಗುತ್ತದೆ. ಹುಣಸೆ ರಸ ಅಥವಾ ನಿಂಬೆರಸ ಬೆರೆಸಿದ ಬಿಸಿ ನೀರನ್ನು ಅರ್ಧ ಗಂಟೆ ಇಟ್ಟು, ಒಂದು ಹಿಡಿ ನುಚ್ಚಕ್ಕಿ ಹಾಕಿ ಕುಲುಕಿದರೆ ಸ್ವಚ್ಛ. ಸ್ಟೀಲ್ ನಾರಿನಿಂದ ತಿಕ್ಕಬಾರದು. ಅದರ ಕಬ್ಬಿಣದ ಚೂರು ಅಂಟಿಕೊಂಡು ತಾನೇ ತುಕ್ಕು ಹಿಡಿಯುತ್ತದೆ, ಬೈಗುಳ ಮಾತ್ರ ಬಾಟಲಿಗೆ. ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಯಿಡುವುದೂ ಬೇಡ. ಕ್ಲೋರಿನ್ ಅಂಶ ಆ ಕ್ರೋಮಿಯಂ ಪೊರೆಯನ್ನು ಒಡೆದು ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತನ್ನು ಒಯ್ದರೆ ಆ ದಿನವೇ ಖಾಲಿ ಮಾಡಿ ತೊಳೆಯಬೇಕು. ಹಾಲು, ಹಾಲಿನ ಚಹಾ ಜೋಡಿ ಗೋಡೆಯ ಬಾಟಲಿಯಲ್ಲಿ ಉಗುರುಬೆಚ್ಚಗೆ ಬಹಳ ಹೊತ್ತು ಉಳಿದರೆ ಕೆಡುತ್ತದೆ. ಬೆಚ್ಚಗಿನ ಜಾಗ ಕ್ರಿಮಿಗಳಿಗೆ ಮನೆಯಿದ್ದಂತೆ. ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ದಿನ ಅಳತೆಗೆಂದು ನೀರಿನ ಬಾಟಲಿಯನ್ನು ಮುಟ್ಟಲೇಬಾರದು, ಎಷ್ಟು ತೊಳೆದರೂ ಅದು ಮತ್ತೆ ಕುಡಿಯುವ ಬಾಟಲಿ ಆಗದು.

ಜೋಡಿ ಗೋಡೆಯ ಬಾಟಲಿಯ ಜೀವ ತಳದಲ್ಲಿದೆ. ಗಾಳಿ ಎಳೆದು ಮುಚ್ಚಿದ ಜಾಗ ಅಲ್ಲೇ ಇರುವುದರಿಂದ, ತಳ ಊರಿ ಬಿದ್ದರೆ ಆ ಬೆಸುಗೆ ಬಿಡುವುದುಂಟು. ಪಾತ್ರೆಗೆ ಹೆಸರು ಕೊರೆಸುವ ಪದ್ಧತಿ ಇರುವ ಮನೆಯವರು ಅಂಗಡಿಯಲ್ಲಿ ಮಷೀನನ್ನು ತಳಕ್ಕೆ ಹಿಡಿಸದೆ, ಕುತ್ತಿಗೆಯ ಹತ್ತಿರ ತೆಳ್ಳಗೆ ಬರೆಸುವುದು ಒಳ್ಳೆಯದು. ಒಳಗೆ ಗಾಳಿ ಸೇರಿದೆಯೇ ತಿಳಿಯಲು ಕುದಿಯುವ ನೀರು ತುಂಬಿ, ಮುಚ್ಚಿ, ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಬೇಕು. ಮೈಯೆಲ್ಲ ಬಿಸಿಯಾಗಿದ್ದರೆ ಅದು ಇನ್ನು ಥರ್ಮಾಸಲ್ಲ. ರಿಪೇರಿ ಇಲ್ಲ, ಸಾದಾ ನೀರಿಗೆ ಬಳಸಬಹುದು. ಇಂಥ ಬಾಟಲಿಯನ್ನು ಒಲೆಯ ಮೇಲಿಟ್ಟು ಕಾಯಿಸುವುದು ಮಾತ್ರ ಅಪಾಯ, ಗೋಡೆಗಳ ನಡುವೆ ಸೇರಿದ ನೀರು ಆವಿಯಾಗಿ ಸಿಡಿಯಬಲ್ಲದು.

ಬಾಟಲಿಗಿಂತ ಮೊದಲು ಸೋಲುವುದು ಮುಚ್ಚಳದ ವಾಷರ್. ವಾಸನೆ ಬಂದರೆ ಸ್ಟೀಲನ್ನು ದೂರುವ ಮೊದಲು ವಾಷರನ್ನು ಚಮಚದ ಹಿಡಿಯಿಂದ ಎಬ್ಬಿಸಿ ನೋಡಬೇಕು, ಅದರ ಕೆಳಗಿನ ಲೋಳೆಯೇ ಕಾರಣ. ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಮುಚ್ಚಳ ಹಾಕದೆ ಬೋರಲು ಇಟ್ಟರೆ ವಾಸನೆ ಹೋಗುತ್ತದೆ. ಸಡಿಲಾದ ವಾಷರಿಗೆ ಬದಲಿ ಎಲ್ಲ ಕಂಪನಿಯದೂ ಸಿಗುವುದಿಲ್ಲ. ಕೊಳ್ಳುವಾಗಲೇ ಅಂಗಡಿಯಲ್ಲಿ ಒಂದು ಹೆಚ್ಚಿನದು ಕೇಳಿಟ್ಟುಕೊಳ್ಳಬೇಕು. ಮುಚ್ಚಳವೇ ಒಡೆದು ಬದಲಿ ಸಿಗದ ಬಾಟಲಿ ಗುಜರಿಗೆ ಹೋಗುತ್ತದೆ, ಅಲ್ಲಿ ಪ್ಲಾಸ್ಟಿಕ್ ಭಾಗ ಬಿಚ್ಚಿ ಕೊಟ್ಟರೆ ಸಾದಾ ಕಬ್ಬಿಣಕ್ಕಿಂತ ಹೆಚ್ಚಿನ ದರ ಸಿಗುತ್ತದೆ.