ಒಂದರ ಸರ: ಒಂದು ಬಹು ದೊಡ್ಡ ಅವಿಭಾಜ್ಯ ಸಂಖ್ಯೆಯ ಕಥೆ

ನಮ್ಮೂರು ಅಕ್ಕೂರು, ಚನ್ನಪಟ್ಟಣದ ಕಡೆ. ಅರಗಿನ ಬಣ್ಣದ ಮರದ ಮಣಿಗಳನ್ನು ನೋಡುತ್ತಲೇ ಬೆಳೆದವನು ನಾನು. ಈ ಸಲದ ಪಾಠಕ್ಕೂ ಒಂದು ಮಣಿಸರ ಸಾಕು.

ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಉತ್ತರ ಹಾರದಂತೆ ಕಾಣುವ ಗುಣಾಕಾರಗಳು ಅದರಲ್ಲಿವೆ. ಒಂದು ಹೀಗಿದೆ: 152207 × 73 = 11111111. ಬರೀ ಒಂದುಗಳ ಸರ!

ಇದೇ ಸರವನ್ನು ಬೈನರಿಯಲ್ಲಿ ಪೋಣಿಸೋಣ. 11 ಅಂದರೆ 3, 111 ಅಂದರೆ 7, 11111 ಅಂದರೆ 31. ‘ಎನ್’ ಮಣಿಗಳ ಸರದ ಬೆಲೆ 2^ಎನ್ − 1. ಇದು ಅವಿಭಾಜ್ಯವಾದರೆ ಅದಕ್ಕೆ ಮರ್ಸೆನ್ ಅವಿಭಾಜ್ಯ ಅಂತ ಹೆಸರು. 2024ರ ಅಕ್ಟೋಬರ್‌ನಲ್ಲಿ ಸಿಕ್ಕ 2^136279841 − 1 ಈ ಜಾತಿಯದು. ಬೈನರಿಯಲ್ಲಿ 13,62,79,841 ಒಂದುಗಳು. ನಮ್ಮ ದಶಮಾನದಲ್ಲಿ ಬರೆದರೆ 4,10,24,320 ಅಂಕಿಗಳು.

ಮೊದಲ ಗುಣ: ಮಣಿಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಆರು ಮಣಿಗಳನ್ನು ಮೂರು ಮೂರಾಗಿ ತುಂಡು ಮಾಡಬಹುದು ಅಲ್ವಾ? ಹಾಗಾಗಿ 111111 = 111 × 1001, ಅಂದರೆ 63 = 7 × 9. ಸರ ಸಮವಾಗಿ ತುಂಡಾದರೆ ಸಂಖ್ಯೆಯೂ ಒಡೆಯುತ್ತೆ.

ಹಾಗಾದರೆ ಎಣಿಕೆ ಅವಿಭಾಜ್ಯವಾದರೆ ಸಾಕಾ? ಮೊದಲ ವರ್ಷದ ಸೆಮಿನಾರ್‌ನಲ್ಲಿ ನಾನು ‘ಸಾಕು’ ಅಂದುಬಿಟ್ಟೆ. 2, 3, 5, 7 ಎಲ್ಲಕ್ಕೂ ಸರಿಬಂದಿತ್ತು. ಹಿಂದಿನ ಬೆಂಚಿನ ಗೆಳತಿ ಎದ್ದು ನಿಂತು, "2^11 − 1 ಎಷ್ಟು?" ಅಂದಳು. 2047. ಅದು 23 × 89! ನನ್ನ ಉಳಿದ ಸ್ಲೈಡುಗಳೆಲ್ಲ ಅಲ್ಲೇ ಮುಗಿದವು.

ಎರಡನೇ ಗುಣ ಗೊತ್ತಿದ್ದರೆ ನಾನು ಬಚಾವಾಗುತ್ತಿದ್ದೆ: ‘ಪಿ’ ಬೆಸ ಅವಿಭಾಜ್ಯವಾದರೆ, 2^ಪಿ − 1ರ ಪ್ರತಿ ಅವಿಭಾಜ್ಯ ಅಪವರ್ತನವನ್ನೂ 2ಪಿಯಿಂದ ಭಾಗಿಸಿದಾಗ ಶೇಷ 1. ‘ಪಿ’ 11 ಆದಾಗ 22ರ ಮಗ್ಗಿಗೆ ಒಂದು ಕೂಡಿಸುತ್ತಾ ಹೋಗಿ. ಮೊದಲು ಸಿಗುವುದೇ 23!

ಮೂರನೆಯದು ಲೂಕಾಸ್–ಲೆಹ್ಮರ್ ಪರೀಕ್ಷೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, 2^ಪಿ − 1ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೆ ‘ಪಿ’ಗಿಂತ ಎರಡು ಕಡಿಮೆ ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 31ಕ್ಕೆ ಮಾಡಿ ನೋಡಿ: 4 → 14 → 8 → 0. ಮೂರೇ ಹೆಜ್ಜೆ.

ದೊಡ್ಡ ಸಂಖ್ಯೆಯನ್ನು ಲ್ಯೂಕ್ ಡ್ಯುರಾಂಟ್ ಜಿಪಿಯುಗಳಲ್ಲಿ ಹುಡುಕಿದಾಗ ಮೊದಲು ಬಂದ ಉತ್ತರ ‘ಬಹುಶಃ ಅವಿಭಾಜ್ಯ’ ಅಂತ. ಆ ‘ಬಹುಶಃ’ ಅಳಿಸಲು ಬೇರೆ ಯಂತ್ರದಲ್ಲಿ ಈ ಪರೀಕ್ಷೆಯನ್ನೇ ಓಡಿಸಬೇಕಾಯಿತು: 13,62,79,839 ಹೆಜ್ಜೆ. ನಾನು ನಾಲ್ಕು ಉದಾಹರಣೆ ನೋಡಿ ‘ಸಾಕು’ ಅಂದಿದ್ದೆ!

ನಿಮಗೊಂದು ಲೆಕ್ಕ: 2^13 − 1 = 8191 ಅವಿಭಾಜ್ಯವೇ? ಎರಡನೇ ಗುಣ ಬಳಸಿದರೆ ಎರಡೇ ಭಾಗಾಕಾರ ಸಾಕು. ಯಾವ ಎರಡು ಅಂತ ನೀವೇ ಹುಡುಕಿ. ಸೆಮಿನಾರ್‌ಗೆ ಮುಂಚೆ!